ಡಾ. ವಿಕ್ರಮ ಸಾರಾಭಾಯಿ: ಎರವಿನಿಂದ ಮುಯ್ಯಿಗೆ

ಅಥಣಿಯಿಂದ ವಿಜಾಪುರಕ್ಕೆ ಹೋಗುವ ಹಾದಿಯಲ್ಲಿ ತೆಲಸಂಗವನ್ನು ದಾಟಿದ ಬಳಿಕ ಜಿಲ್ಲೆಯ ಎಲ್ಲೆ ಬರುತ್ತದೆ. ಅಲ್ಲಿ ನೆಲದ ಬಣ್ಣ ಬದಲಾಗುವುದಿಲ್ಲ, ಮಾತೂ ಬದಲಾಗುವುದಿಲ್ಲ. ಆದರೆ 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷದ ಮಟ್ಟಿಗೆ ಈ ಎಲ್ಲೆಗೆ ವಿಶೇಷವಾದೊಂದು ಅರ್ಥವಿದ್ದಿತು. ಆಚೆಗಿನ ಆಯ್ದ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ದೂರದರ್ಶನದ ಪೆಟ್ಟಿಗೆಯ ಮುಂದೆ ಊರೇ ನೆರೆಯುತ್ತಿತ್ತು. ಈಚೆಗಿನ ನಮ್ಮ ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. ನನ್ನ ತಾಯಿಯ ತವರು ಆಚೆಯದು. ನಾನು ಹುಟ್ಟುವುದಕ್ಕೆ ಮುಂಚಿನ ಆ ಸಂಗತಿಯನ್ನು ನಮ್ಮ ಸೋದರಮಾವನವರು ಎಷ್ಟೋ ಸಲ ಹೇಳಿದ್ದಾರೆ. ತಂತಿಯ ಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡದೊಂದು ಬುಟ್ಟಿ ಆಕಾಶಕ್ಕೆ ಮುಖಮಾಡಿ ನಿಂತಿತ್ತಂತೆ. ವರ್ಷ ತುಂಬಿದೊಡನೆ ಪೆಟ್ಟಿಗೆಯ ಬೆಳಕು ಆರಿತು. ಅದನ್ನು ಕೊಟ್ಟವರು ಯಾರು, ಮರಳಿ ಒಯ್ದವರು ಯಾರು ಎಂದು ಊರ ಹಿರಿಯರು ಬಹುದಿನ ಕೇಳಿಕೊಂಡರಂತೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನಾನು ಕೊನೆಗೆ ತಲುಪಿದ್ದು ಒಬ್ಬ ಮಹನೀಯರ ಜೀವನವನ್ನು. ಅವರೇ ಡಾ. ವಿಕ್ರಮ ಸಾರಾಭಾಯಿಯವರು.

ವಿಕ್ರಮರು 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲರು ಹೆಸರಾಂತ ಗಿರಣಿ ಮಾಲಿಕರು, ತಾಯಿ ಸರಳಾದೇವಿಯವರು. ಗಾಂಧೀಜಿಯವರೂ ರವೀಂದ್ರನಾಥ ಠಾಕೂರರೂ ಬಂದುಹೋಗುತ್ತಿದ್ದ ಮನೆ ಅದು. 1918ರ ಗಿರಣಿ ಮುಷ್ಕರದಲ್ಲಿ ಅಂಬಾಲಾಲರು ಮಾಲಿಕರ ಪಕ್ಷದಲ್ಲಿದ್ದರೆ, ಅವರ ಒಡಹುಟ್ಟಿದ ಅನಸೂಯಾಬೆನ್ ಕಾರ್ಮಿಕರ ಪಕ್ಷದಲ್ಲಿ ನಿಂತಿದ್ದರು. ಸಂಪತ್ತಿಗೂ ಒಂದು ಹೊಣೆಯುಂಟೆಂಬ ಪಾಠ ಆ ಮನೆಯ ಮಗುವಿಗೆ ಶಾಲೆಗೆ ಹೋಗುವ ಮುನ್ನವೇ ದೊರೆತಿರಬೇಕು.

ಮುಂದೆ ಅವರು ಕೇಂಬ್ರಿಜ್ಜಿನಲ್ಲಿ ನಿಸರ್ಗವಿಜ್ಞಾನವನ್ನು ಓದಿ 1940ರಲ್ಲಿ ಪದವಿ ಪಡೆದರು. ಆ ಹೊತ್ತಿಗೆ ಯುರೋಪಿನಲ್ಲಿ ಯುದ್ಧದ ಬೆಂಕಿ ಹತ್ತಿಕೊಂಡಿತ್ತು. ಸ್ವದೇಶಕ್ಕೆ ಮರಳಿದ ತರುಣನನ್ನು ಬರಮಾಡಿಕೊಂಡದ್ದು ನಮ್ಮ ಬೆಂಗಳೂರು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಆಶ್ರಯದಲ್ಲಿ ವಿಶ್ವಕಿರಣಗಳ ಅಭ್ಯಾಸವನ್ನು ಕೈಕೊಂಡರು. ಅವರ ಮೊದಲ ಸಂಶೋಧನ ಪ್ರಬಂಧ ಪ್ರಕಟವಾದದ್ದು 1942ರಲ್ಲಿ. ನೃತ್ಯಕಲಾವಿದೆ ಮೃಣಾಲಿನಿಯವರನ್ನು ಅವರು ವಿವಾಹವಾದದ್ದೂ ಅದೇ ವರ್ಷ. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್ಜಿಗೆ ತೆರಳಿ, 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ಬಂದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಅದೇ ನವೆಂಬರಿನಲ್ಲಿ ಅಹಮದಾಬಾದಿನ ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಭೌತ ಸಂಶೋಧನಾಲಯವನ್ನು ಆರಂಭಿಸಿದರು. ಮೊದಲ ಹಣ ಬಂದದ್ದು ತಮ್ಮ ಮನೆತನದ ನಿಧಿಯಿಂದ ಮತ್ತು ನಗರದ ಶಿಕ್ಷಣ ಸಂಸ್ಥೆಯಿಂದ. ಸರಕಾರದ ನೆರವು ಹಿಂದಿನಿಂದ ಬಂದಿತು. ಇದು ಗಮನಿಸತಕ್ಕ ಸಂಗತಿ. ಮೊದಲು ತಮ್ಮ ಗಂಟನ್ನು ಬಿಚ್ಚಿ, ಕೆಲಸವನ್ನು ಮಾಡಿ ತೋರಿಸಿ, ಆ ಬಳಿಕ ಸರಕಾರದ ಬಾಗಿಲನ್ನು ತಟ್ಟಿದವರು ಅವರು.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ರಾಷ್ಟ್ರೀಯ ಸಮಿತಿಯೊಂದು ರಚಿತವಾಯಿತು. ಅದಕ್ಕೆ ಸಾರಾಭಾಯಿಯವರೇ ಅಧ್ಯಕ್ಷರು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯ ಸಮೀಪದಲ್ಲಿ ಹಾಯುತ್ತದೆ. ವಾತಾವರಣದ ಮೇಲ್ಪದರವನ್ನು ಅಭ್ಯಸಿಸಲು ಅಂತಹ ಜಾಗ ಜಗತ್ತಿನಲ್ಲಿ ವಿರಳ. ಜಾಗ ನಮ್ಮದು, ಉಪಕರಣ ಅವರದು ಎಂಬ ನೆಲೆಯ ಮೇಲೆ ಸಾರಾಭಾಯಿಯವರು ಹೊರದೇಶಗಳೊಡನೆ ಮಾತು ಬೆಳೆಸಿದರು. ಅಮೆರಿಕ ರಾಕೆಟ್ಟನ್ನು ಕೊಟ್ಟಿತು. ಫ್ರಾನ್ಸ್ ಸೋಡಿಯಂ ಆವಿಯ ಪ್ರಯೋಗಸಾಮಗ್ರಿಯನ್ನೂ ರಾಡಾರನ್ನೂ ಕೊಟ್ಟಿತು. ಸೋವಿಯತ್ ಒಕ್ಕೂಟ ಗಣಕಯಂತ್ರವನ್ನೂ ಹೆಲಿಕಾಪ್ಟರನ್ನೂ ಕೊಟ್ಟಿತು. ಊರಿನ ಚರ್ಚು ಕಚೇರಿಯಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಮೇಲೇರಿತು. ಒಬ್ಬರಿಗೊಬ್ಬರು ಮುಖಗೊಡದ ಎರಡು ಬಲಾಢ್ಯ ರಾಷ್ಟ್ರಗಳು ನಮ್ಮದೊಂದು ಕಡಲತೀರದಲ್ಲಿ ಜೊತೆಗೂಡಿದ್ದವು. ಬೇರೆಯವರು ಕೊಟ್ಟದ್ದನ್ನು ಬಳಸಿ ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳುವ ಜಾಯಮಾನ ಸಾರಾಭಾಯಿಯವರದಲ್ಲ. ಫ್ರಾನ್ಸಿನ ಸೆಂತೋರ್ ರಾಕೆಟ್ಟನ್ನು ನಮ್ಮಲ್ಲಿಯೇ ತಯಾರಿಸುವ ಹಕ್ಕನ್ನೂ ಪಡೆದುಕೊಂಡರು.

ಆದರೆ ಅವು ಬರಗಾಲದ ದಿನಗಳು. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟು ದೇಶವು ಹೊರಗಿನ ಗೋದಿಗೆ ಕೈಯೊಡ್ಡಿತ್ತು. ಹೊಟ್ಟೆಗಿಲ್ಲದವರ ನಾಡಿಗೆ ರಾಕೆಟ್ಟೇಕೆ ಎಂಬ ಪ್ರಶ್ನೆ ಎದ್ದದ್ದು ಸಹಜ, ಮತ್ತು ಅದು ನ್ಯಾಯವಾದ ಪ್ರಶ್ನೆ. ಸಾರಾಭಾಯಿಯವರು ಅದನ್ನು ತಳ್ಳಿಹಾಕಲಿಲ್ಲ. ಅದನ್ನೇ ತಮ್ಮ ಕೆಲಸದ ಒರೆಗಲ್ಲಾಗಿ ಮಾಡಿಕೊಂಡರು. ಚಂದ್ರನತ್ತ ಓಡುವ ಪೈಪೋಟಿ ನಮಗೆ ಬೇಡ. ಹವಾಮಾನ, ಸಂಪರ್ಕ, ಶಿಕ್ಷಣಗಳಿಗೆ ನೆರವಾದರೆ ಮಾತ್ರ ಈ ವಿದ್ಯೆ ಸಾರ್ಥಕವೆಂಬುದು ಅವರ ನಿಲುವು. 1967ರಲ್ಲಿ ದಿಲ್ಲಿಯ ಸುತ್ತಣ 80 ಹಳ್ಳಿಗಳಲ್ಲಿ ದೂರದರ್ಶನದ ಮೂಲಕ ರೈತರಿಗೆ ಪಾಠ ಹೇಳುವ ಪ್ರಯೋಗ ನಡೆಯಿತು. 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದರ ಕಟ್ಟುಪಾಡು ಸರಳವಾದದ್ದು. ಉಪಗ್ರಹವನ್ನು ಒಂದು ವರ್ಷ ಅವರು ಎರವು ಕೊಡತಕ್ಕದ್ದು. ಭೂಮಿಯ ಮೇಲಿನ ಕೇಂದ್ರಗಳು, ಹಳ್ಳಿಯ ಪೆಟ್ಟಿಗೆಗಳು, ಕಾರ್ಯಕ್ರಮಗಳು ಇವೆಲ್ಲದರ ವೆಚ್ಚವನ್ನು ನಮ್ಮ ಸರಕಾರ ಹೊರತಕ್ಕದ್ದು. ತಮ್ಮ ಉಪಗ್ರಹದ ಸಾಮರ್ಥ್ಯವನ್ನು ಅಷ್ಟು ವಿಶಾಲವಾದ ನೆಲದಲ್ಲಿ ಪರೀಕ್ಷಿಸುವ ಲಾಭ ಅವರದು. ಕಲಿಕೆಯ ಲಾಭ ನಮ್ಮದು.

ಆ ಫಲವನ್ನು ಕಾಣಲು ಸಾರಾಭಾಯಿಯವರು ಉಳಿಯಲಿಲ್ಲ. ಹೋಮಿ ಭಾಭಾ ಅವರ ಮರಣಾನಂತರ, 1966ರಿಂದ, ಅಣುಶಕ್ತಿ ಆಯೋಗದ ಭಾರವೂ ಅವರ ಹೆಗಲೇರಿತ್ತು. ಬಿಡುವಿಲ್ಲದ ದುಡಿಮೆ ದೇಹವನ್ನು ಸವೆಸಿತು. 1971ರ ಡಿಸೆಂಬರ್ 30ರಂದು ತುಂಬಾಕ್ಕೆ ಸಮೀಪದ ಕೋವಳಂನಲ್ಲಿ, ನಿದ್ರೆಯಲ್ಲಿಯೇ, ಅವರ ಉಸಿರು ನಿಂತಿತು. ಆಗ ಅವರಿಗೆ ಐವತ್ತೆರಡೇ ವರ್ಷ.

1975ರ ಆಗಸ್ಟ್ 1ರಂದು ಪ್ರಯೋಗ ಮೊದಲಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ. ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಿಂದ ಕನ್ನಡ ನುಡಿ ನಮ್ಮ ಒಣಭೂಮಿಗೆ ಇಳಿದುಬಂದಿತು. 1976ರ ಜುಲೈ 31ಕ್ಕೆ ಅವಧಿ ತೀರಿತು. ಉಪಗ್ರಹ ಒಡೆಯನ ಕಡೆಗೆ ಸರಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರವೊಂದು ತೆರೆಯಿತಾದರೂ ನಮ್ಮ ಮಾವನವರ ಊರಿಗೆ ಅದು ದೂರವೇ. ಆಕಾಶದಲ್ಲಿ ನಮ್ಮದೇ ಇನ್ಸಾಟ್ ನೆಲೆಗೊಳ್ಳುವುದಕ್ಕೆ 1983ರವರೆಗೆ ಕಾಯಬೇಕಾಯಿತು. ಸ್ವಂತ ಉಪಗ್ರಹದ ಯೋಜನೆಯನ್ನು ಸಾರಾಭಾಯಿಯವರು ಬದುಕಿದ್ದಾಗಲೇ ಹಾಕಿದ್ದರು. ಆದರೂ ಏಳು ವರ್ಷಗಳ ಆ ಕತ್ತಲೆಯನ್ನು ಹಳ್ಳಿ ಅನುಭವಿಸಿತು. ಎರವು ತಂದ ಎತ್ತಿನಿಂದ ಬೇಸಾಯವನ್ನು ನಂಬುವಂತಿಲ್ಲವೆಂಬುದು ಒಕ್ಕಲಿಗನಿಗೆ ಗೊತ್ತಿರುವ ಮಾತೇ.

ಹಾಗಿದ್ದರೆ ಎರವು ತಂದದ್ದೇ ತಪ್ಪೆ? ನಾನು ಹಾಗೆ ತಿಳಿಯಲಾರೆ. ಎತ್ತು ಹಿಂದಿರುಗಿದರೂ ಉಳುವ ಕೈ ನಮ್ಮಲ್ಲಿಯೇ ಉಳಿಯಿತು. ಆ ಕೇಂದ್ರಗಳನ್ನು ನಡೆಸಿದವರು ನಮ್ಮ ಎಂಜಿನಿಯರರು. ಸಾರಾಭಾಯಿಯವರ ಶಿಷ್ಯರಾದ ಉಡುಪಿ ಸೀಮೆಯ ಯು. ಆರ್. ರಾವ್ ಅವರು ಬೆಂಗಳೂರಿನ ಪೀಣ್ಯದ ತಗಡಿನ ಕೊಟ್ಟಿಗೆಗಳಲ್ಲಿ ಆರ್ಯಭಟವನ್ನು ಕಟ್ಟಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು.

ನಮ್ಮ ಕಡೆ ಎರವಿಗಿಂತ ಮುಯ್ಯಾಳಿಗೆ ಗೌರವ ಹೆಚ್ಚು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ನಿಸಾರ್ ಉಪಗ್ರಹ ಮೇಲೇರಿತು. ಅದರಲ್ಲಿ ನಾಸಾದ ರಾಡಾರೊಂದು, ನಮ್ಮ ಇಸ್ರೋದ ರಾಡಾರೊಂದು; ಹೊತ್ತೊಯ್ದ ರಾಕೆಟ್ ನಮ್ಮದು; ವೆಚ್ಚ ಉಭಯ ಸರಕಾರಗಳದ್ದು. ನೆಲದ ಕದಲಿಕೆಯನ್ನೂ ಮಣ್ಣಿನ ತೇವವನ್ನೂ ಬೆಳೆಯನ್ನೂ ನೋಡುವುದು ಅದರ ಕೆಲಸ. ವಿಜಾಪುರದ ಹಳ್ಳಿಯಲ್ಲಿ ಬೆಳಕು ಆರಿ ಹೆಚ್ಚುಕಡಿಮೆ ನಾಲ್ವತ್ತೊಂಬತ್ತು ವರ್ಷಗಳಾಗಿದ್ದವು.

ಆ ಸುದ್ದಿಯನ್ನು ಓದಿ ಹೇಳಿದಾಗ ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: ಇದನ್ನೂ ವರ್ಷಕ್ಕೆ ಒಯ್ಯುತ್ತಾರೆಯೇ ಎಂದು. ಇಲ್ಲ ಮಾವ, ಇದರಲ್ಲಿ ನಮ್ಮದೂ ಪಾಲಿದೆ ಎಂದೆ. ಅವರು ತಲೆದೂಗಿ, ಮೋಡ ಕವಿದ ಹೊಲದ ಕಡೆಗೆ ದೃಷ್ಟಿ ಹಾಯಿಸಿದರು.