ಬಾಗಿಲು ಮುಚ್ಚದೆ ಪ್ರಾರ್ಥಿಸಿದ ಪಂಡಿತಾ ರಮಾಬಾಯಿ: ಕನ್ನಡ ನೆಲದಿಂದ ಪುಣೆಗೆ

ಪುಣೆ ಸಮೀಪದ ಕೇಡಗಾಂವ್‌ನಲ್ಲಿ ನೊಂದ ಹೆಣ್ಣುಮಕ್ಕಳಿಗಾಗಿ 'ಮುಕ್ತಿ ಸದನ' ಕಟ್ಟಿದ ಕ್ರೈಸ್ತ ನಾಯಕಿ ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಮಗಳು. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಎನ್ನುತ್ತಿದ್ದ ಕಾಲದಲ್ಲಿ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದವರು.

ಆ ತಾಯಿಯೇ ರಮಾಬಾಯಿಗೆ ಗುರು. ಹಗಲೆಲ್ಲ ಮನೆಗೆಲಸ. ಹೀಗಾಗಿ ಹಕ್ಕಿಗಳು ಕೂಗುವ ಮೊದಲೇ ಮಗಳನ್ನು ಮುದ್ದು ಮಾಡಿ ಎಬ್ಬಿಸಿ ಪಾಠ ಹೇಳುತ್ತಿದ್ದರು. ಕುಟುಂಬ ತೀರ್ಥಯಾತ್ರೆಯಲ್ಲಿ ಊರೂರು ಅಲೆಯುತ್ತಿದ್ದಾಗಲೂ ಈ ಪಾಠ ನಿಲ್ಲಲಿಲ್ಲ. ಭಾಗವತದ ಸಾವಿರಾರು ಶ್ಲೋಕಗಳು ಬಾಯಿಪಾಠವಾದದ್ದು ಹೀಗೆ. ದಿನಕ್ಕಿಷ್ಟು ಎಂಬ ಈ ಶಿಸ್ತು ಕೊನೆಯವರೆಗೂ ಅವರ ಜೊತೆಗಿತ್ತು.

ಕ್ಷಾಮದಲ್ಲಿ ಹೆತ್ತವರು ತೀರಿಕೊಂಡರು. 1878ರಲ್ಲಿ ಕೋಲ್ಕತ್ತಾದ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಬಿರುದು ನೀಡಿ ಗೌರವಿಸಿದರು. 1882ರಲ್ಲಿ ಪತಿಯೂ ಅಗಲಿದರು. ಪುಟ್ಟ ಮಗಳು ಮನೋರಮಾಳೊಂದಿಗೆ ಪುಣೆಗೆ ಬಂದ ರಮಾಬಾಯಿ, ಮರುವರ್ಷ ಇಂಗ್ಲೆಂಡಿಗೆ ತೆರಳಿ ದೀಕ್ಷಾಸ್ನಾನ ಪಡೆದರು. ಆದರೆ ಧರ್ಮ ಬದಲಿಸಿದ ಮಾತ್ರಕ್ಕೆ ಅವರ ಹುಡುಕಾಟ ಮುಗಿಯಲಿಲ್ಲ. ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಅರಿವಾಗಲು ಸುಮಾರು 8 ವರ್ಷ ಬೇಕಾಯಿತು.

ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಶಾರದಾ ಸದನ ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಧರ್ಮಬೋಧನೆ ಇರುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ಮಾತ್ರ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರತೊಡಗಿದರು. ಇದು ಮತಾಂತರದ ದಾರಿ ಎಂದು ಪುಣೆಯಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ಸಲಹಾ ಸಮಿತಿಯಿಂದ ಹೊರನಡೆದರು. ಪೋಷಕರು ಹಲವು ಹುಡುಗಿಯರನ್ನು ವಾಪಸ್ ಕರೆದೊಯ್ದರು. ಒಪ್ಪಂದ ಮುರಿದಿದೆ ಎಂಬ ಅವರ ಆತಂಕಕ್ಕೂ ಕಾರಣವಿತ್ತು. ಆದರೂ ರಮಾಬಾಯಿ ಪ್ರಾರ್ಥನೆಯನ್ನೂ ಬಿಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗೆ ಕೇಡಗಾಂವ್‌ನ ಜಮೀನೇ ಮನೆಯಾಯಿತು. 1900ರ ಹೊತ್ತಿಗೆ ಅಲ್ಲಿದ್ದವರು ಸುಮಾರು 1,500 ಮಂದಿ. ಓದಿನ ಜೊತೆಗೆ ಬೇಸಾಯ, ನೇಯ್ಗೆ, ಮುದ್ರಣವನ್ನೂ ಕಲಿತರು. 1905ರ ಜನವರಿಯಲ್ಲಿ ರಮಾಬಾಯಿ ಕರೆ ಕೊಟ್ಟಾಗ ಸುಮಾರು 70 ಮಂದಿ ನಿತ್ಯ ಪ್ರಾರ್ಥನೆಗೆ ಮುಂದೆ ಬಂದರು. ಒಬ್ಬರ ಅಭ್ಯಾಸ ಊರಿನ ಅಭ್ಯಾಸವಾಗಿತ್ತು.

ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಅಭ್ಯಾಸ ಮಾಡಿ, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಬೈಬಲ್ ಅನುವಾದಿಸತೊಡಗಿದರು. ಅದರ ಮುದ್ರಣವೂ ಸದನದ ಹೆಣ್ಣುಮಕ್ಕಳದ್ದೇ. 1921ರಲ್ಲಿ, ಕೆಲಸ ಮುಂದುವರಿಸಬೇಕಿದ್ದ ಮನೋರಮಾ ತೀರಿಕೊಂಡರು. ಕಿವಿ ಮಂದವಾಗಿತ್ತು, ದೇಹ ಸೋತಿತ್ತು. ಆದರೂ ರಮಾಬಾಯಿ ಅನುವಾದ ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.

ಮುಂಜಾನೆಯ ಕತ್ತಲಲ್ಲಿ ತಾಯಿ ಹಾಕಿಕೊಟ್ಟ ಅಭ್ಯಾಸ ಅವರ ಕೈಬಿಡಲಿಲ್ಲ. ಅವರು ಕಟ್ಟಿದ ಮುಕ್ತಿ ಸದನದ ಬಾಗಿಲು ಇಂದಿಗೂ ತೆರೆದೇ ಇದೆ.