ಹಳೆಯ ವಾಲ್ವ್ ಎಂದರೆ ಒಳ್ಳೆಯ ವಾಲ್ವೇ? ‘ಆಕಾಶವಾಣಿ’ ಮೇಷ್ಟ್ರ ಕಥೆ

ಹಳೆಯ ವಾಲ್ವ್ ಹಾಕಿದರೆ ಮಾತ್ರ ಆಂಪ್ಲಿಫೈಯರ್‌ನಲ್ಲಿ ಇಂಪಾದ ಧ್ವನಿ, ಈಗ ತಯಾರಾಗುವುವು ದಂಡ ಎಂಬ ಮಾತು ನಿಜವೇ? ಉತ್ತರಕ್ಕೆ ಮೊದಲು ವಾಲ್ವ್ ಕಾಲದ ಒಬ್ಬರನ್ನು ನೆನೆಯೋಣ.

ಡಾ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಓದಿ ಬಂದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವಾಟ್. ಕೆಲವು ವರ್ಷಗಳ ನಂತರ ಕೇಂದ್ರವನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಗೋಪಾಲಸ್ವಾಮಿ 1957ರಲ್ಲಿ ತೀರಿಕೊಂಡರು.

ಅವರು ಪ್ರಸಾರ ಆರಂಭಿಸಿದಾಗ ಟ್ರಾನ್ಸಿಸ್ಟರ್ ಹುಟ್ಟಿರಲಿಲ್ಲ. ರೇಡಿಯೋ ನಡೆಯುತ್ತಿದ್ದುದು ವಾಲ್ವ್‌ಗಳಿಂದಲೇ. ಇಂದು ನಾವು ಹಳೆಯದು ಎನ್ನುವ ವಾಲ್ವ್ ಅಂದು ಹೊಸದು. ಬಳಸಿದಷ್ಟೂ ಅದರ ಕ್ಯಾಥೋಡ್ ಎಲೆಕ್ಟ್ರಾನ್ ಹೊಮ್ಮಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ತಯಾರಾದ ಇಸವಿಗಿಂತ ಉಳಿದ ಆಯಸ್ಸು ಮುಖ್ಯ.

ಬಳಸದೇ ಇಟ್ಟಿದ್ದು, ಟೆಸ್ಟರ್‌ನಲ್ಲಿ ಪಾಸಾದ ಹಳೆಯ ವಾಲ್ವ್ ಚೆನ್ನಾಗಿರಬಹುದು. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಆದರೆ ಮಾರುವವರು ಪರೀಕ್ಷೆಯ ಫಲಿತಾಂಶ ತೋರಿಸದಿದ್ದರೆ ಗ್ಯಾರಂಟಿ ಇರುವ ಹೊಸದನ್ನೇ ಕೊಳ್ಳಿ. ಹೊಸ ವಾಲ್ವ್ ಮೇಲೆ ಹಳೆಯ ಬ್ರ್ಯಾಂಡ್ ಹೆಸರಿದ್ದ ಮಾತ್ರಕ್ಕೆ ಅದು ಹಳೆಯ ಕಾರ್ಖಾನೆಯ ಮಾಲಲ್ಲ ಎಂಬುದೂ ನೆನಪಿರಲಿ.