ಯುವಾನ್ ಮೇ

ಯುವಾನ್ ಮೇ (ಮಾರ್ಚ್ ೨೫, ೧೭೧೬ – ಜನವರಿ ೩, ೧೭೯೮) ಚೀನದ ಚಿಂಗ್ ರಾಜವಂಶದ ಕಾಲದ ಪ್ರಸಿದ್ಧ ಕವಿ, ಗದ್ಯಲೇಖಕ, ವಿಮರ್ಶಕ ಹಾಗೂ ಪಾಕಶಾಸ್ತ್ರದ ಗ್ರಂಥಕರ್ತ. ಚಿಯಾನ್‌ಲಾಂಗ್ ಚಕ್ರವರ್ತಿಯ ಆಳ್ವಿಕೆಯ ಮೂವರು ಮಹಾಕವಿಗಳಲ್ಲಿ ಈತನನ್ನು ಒಬ್ಬನೆಂದು ಎಣಿಸಲಾಗುತ್ತದೆ. ಉಳಿದಿಬ್ಬರು ಜಿಯಾಂಗ್ ಶಿಚುವಾನ್ ಮತ್ತು ಝಾವ್ ಯಿ. ಈತನ ಪಾಕಗ್ರಂಥದ ಕೊನೆಯ ಅಧ್ಯಾಯದಲ್ಲಿ ವೂಯಿ ಪರ್ವತದ ಚಹಾವನ್ನು ಪುಟ್ಟ ಬಟ್ಟಲುಗಳಲ್ಲಿ ಸವಿದ ವಿವರವಿದೆ. ಇಂದು ಊಲಾಂಗ್ ಎಂದು ಕರೆಯುವ ಚಹಾವನ್ನು ಸಣ್ಣ ಕುಡಿಕೆಯಲ್ಲಿ ಹಲವು ಬಾರಿ ಬಸಿದು ಕುಡಿಯುವ ಪದ್ಧತಿಯ ಇತಿಹಾಸವನ್ನು ಅರಿಯಲು ಈ ಬರಹ ಒಂದು ಮುಖ್ಯ ಆಧಾರವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಯುವಾನ್ ಮೇ ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದಲ್ಲಿ ಜನಿಸಿದನು. ತಂದೆ ದೂರದ ಪ್ರಾಂತ್ಯಗಳಲ್ಲಿ ಅಧಿಕಾರಿಗಳ ಬಳಿ ಕಾರ್ಯದರ್ಶಿಯಾಗಿ ದುಡಿಯುತ್ತಿದ್ದನು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣದ ಅನುಕೂಲವಿರಲಿಲ್ಲ. ಬಾಲಕನಿಗೆ ಹಳೆಯ ಇತಿಹಾಸದ ಕಥೆಗಳನ್ನು ಹೇಳಿ ಓದಿನಲ್ಲಿ ಆಸಕ್ತಿ ಹುಟ್ಟಿಸಿದವಳು ಸೋದರತ್ತೆ. ಹನ್ನೆರಡರ ಎಳೆಯ ವಯಸ್ಸಿನಲ್ಲಿಯೇ ಈತ ಜಿಲ್ಲಾಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದನು.

೧೭೩೬ರಲ್ಲಿ ಚಿಕ್ಕಪ್ಪನನ್ನು ಕಾಣಲು ದಕ್ಷಿಣದ ಗುಯಿಲಿನ್ ನಗರಕ್ಕೆ ಹೋದಾಗ ಅಲ್ಲಿನ ಪ್ರಾಂತಾಧಿಕಾರಿ ಜಿನ್ ಹಾಂಗ್ ಈ ತರುಣನ ಪ್ರತಿಭೆಯನ್ನು ಮೆಚ್ಚಿ, ರಾಜಧಾನಿಯಲ್ಲಿ ನಡೆಯಲಿದ್ದ ವಿಶೇಷ ಪರೀಕ್ಷೆಗೆ ಹೆಸರನ್ನು ಸೂಚಿಸಿದನು. ಆ ಪರೀಕ್ಷೆಯಲ್ಲಿ ಯುವಾನ್ ಮೇ ಯಶಸ್ಸು ಪಡೆಯಲಿಲ್ಲ. ಆದರೂ ಬೀಜಿಂಗ್‌ನಲ್ಲಿಯೇ ಉಳಿದು ವ್ಯಾಸಂಗ ಮುಂದುವರಿಸಿ, ೧೭೩೯ರಲ್ಲಿ ಸಾಮ್ರಾಜ್ಯದ ಅತ್ಯುನ್ನತ ಪದವಿಯಾದ ಜಿನ್‌ಶಿಯನ್ನು ಗಳಿಸಿದನು. ಬಳಿಕ ಪ್ರತಿಷ್ಠಿತ ಹಾನ್‌ಲಿನ್ ವಿದ್ವತ್ ಸಂಸ್ಥೆಗೆ ಸೇರಿಕೊಂಡನು.

ಅಧಿಕಾರಿಯಾಗಿ

ಹಾನ್‌ಲಿನ್‌ನಲ್ಲಿ ಈತನಿಗೆ ಆಳುವ ವಂಶದ ಭಾಷೆಯಾದ ಮಂಚು ಭಾಷೆಯ ಅಧ್ಯಯನ ಗೊತ್ತಾಯಿತು. ೧೭೪೨ರಲ್ಲಿ ಮಂಚು ಪರೀಕ್ಷೆಯಲ್ಲಿ ಅನುತ್ತೀರ್ಣನಾದ್ದರಿಂದ ರಾಜಧಾನಿಯಲ್ಲಿ ಮೇಲೇರುವ ಹಾದಿ ಮುಚ್ಚಿತು. ಜಿಯಾಂಗ್ಸು ಪ್ರಾಂತ್ಯಕ್ಕೆ ಕಳುಹಿಸಲ್ಪಟ್ಟ ಯುವಾನ್ ಮೇ ಲಿಶುಯಿ, ಜಿಯಾಂಗ್‌ಪು, ಶುಯಾಂಗ್ ಮತ್ತು ಜಿಯಾಂಗ್‌ನಿಂಗ್ ಜಿಲ್ಲೆಗಳಲ್ಲಿ ಒಂದಾದ ಮೇಲೊಂದರಂತೆ ಜಿಲ್ಲಾಧಿಕಾರಿಯಾದನು. ಇವುಗಳಲ್ಲಿ ಜಿಯಾಂಗ್‌ನಿಂಗ್ ಇಂದಿನ ನಾನ್‌ಜಿಂಗ್ ನಗರಕ್ಕೆ ಸೇರಿದೆ. ಜನಾನುರಾಗಿ ಅಧಿಕಾರಿಯೆಂಬ ಹೆಸರು ಬಂದರೂ ಮೇಲಧಿಕಾರಿಗಳನ್ನು ಓಲೈಸುವುದರಲ್ಲಿಯೇ ದಿನಗಳು ಕಳೆಯುತ್ತಿದ್ದವು. ಇದರಿಂದ ಬೇಸತ್ತು ೧೭೪೯ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಹುದ್ದೆಯನ್ನು ತೊರೆದನು. ೧೭೫೨ರಲ್ಲಿ ಶಾನ್‌ಷಿ ಪ್ರಾಂತ್ಯದಲ್ಲಿ ಅಲ್ಪಕಾಲ ಮತ್ತೆ ಸೇವೆಗೆ ಹೋದುದುಂಟು. ತಂದೆ ತೀರಿಕೊಂಡಾಗ ಅಲ್ಲಿಂದ ಹಿಂತಿರುಗಿದವನು ಮುಂದೆಂದೂ ಸರ್ಕಾರಿ ಕೆಲಸಕ್ಕೆ ಹೋಗಲಿಲ್ಲ.

ಸುಯ್‌ಯುವಾನ್ ಉದ್ಯಾನ

೧೭೪೮ರಲ್ಲಿ ಯುವಾನ್ ಮೇ ನಾನ್‌ಜಿಂಗ್‌ನ ಕ್ಸಿಯಾವ್‌ಕಾಂಗ್ ಗುಡ್ಡದ ಬಳಿ ಪಾಳುಬಿದ್ದಿದ್ದ ತೋಟವೊಂದನ್ನು ಕೊಂಡನು. ಅದು ಹಿಂದೆ ಅರಮನೆಯ ರೇಷ್ಮೆ ನೇಯ್ಗೆಯ ಮೇಲ್ವಿಚಾರಕನಾಗಿದ್ದ ಸುಯ್ ಎಂಬ ಅಧಿಕಾರಿಗೆ ಸೇರಿತ್ತು. ಯುವಾನ್ ಮೇ ಉಚ್ಚಾರಣೆಯನ್ನು ಹಾಗೆಯೇ ಉಳಿಸಿಕೊಂಡು, ಬರೆಯುವ ಅಕ್ಷರವನ್ನು ಮಾತ್ರ ಬದಲಿಸಿ, ಇದ್ದುದನ್ನು ಅನುಸರಿಸಿ ನಡೆಯುವ ತೋಟ ಎಂಬ ಅರ್ಥ ಬರುವಂತೆ ಸುಯ್‌ಯುವಾನ್ ಎಂದು ಹೆಸರಿಟ್ಟನು. ನೆಲದ ಏರಿಳಿತಗಳನ್ನು ಸಮಮಾಡದೆ, ಅವುಗಳಿಗೆ ಹೊಂದುವಂತೆ ಮಂಟಪಗಳನ್ನೂ ಕೊಳಗಳನ್ನೂ ನಿರ್ಮಿಸಿದನು. ತೋಟಕ್ಕೆ ಗೋಡೆ ಕಟ್ಟಿಸದೆ ಊರಿನವರ ವಿಹಾರಕ್ಕೆ ತೆರೆದಿಟ್ಟನು. ಮುಂದೆ ಸುಯ್‌ಯುವಾನ್ ಎಂಬುದು ಈತನ ಕಾವ್ಯನಾಮವೇ ಆಯಿತು.

ಸಂಬಳವಿಲ್ಲದ ಜೀವನಕ್ಕೆ ಲೇಖನಿಯೇ ಆಧಾರವಾಯಿತು. ಗತಿಸಿದವರ ಚರಿತ್ರೆ, ಸಮಾಧಿಲೇಖ, ಮುನ್ನುಡಿಗಳನ್ನು ಬರೆಯಿಸಿಕೊಂಡವರು ಕೊಟ್ಟ ಸಂಭಾವನೆ, ಶಿಷ್ಯರ ಕಾಣಿಕೆ ಹಾಗೂ ಪುಸ್ತಕಗಳ ಮಾರಾಟದಿಂದ ದೊಡ್ಡ ಸಂಸಾರ ಸುಖವಾಗಿ ನಡೆಯಿತು. ಅಧಿಕಾರವಿಲ್ಲದೆ, ಬರವಣಿಗೆಯಿಂದಲೇ ಇಷ್ಟು ಅನುಕೂಲವಾಗಿ ಬಾಳಿದ ಸಾಹಿತಿಗಳು ಆ ಕಾಲದ ಚೀನದಲ್ಲಿ ವಿರಳ.

ಕುಟುಂಬ

ಈತನ ತಂಗಿ ಯುವಾನ್ ಜಿಯ ಬಾಳು ದುಃಖಮಯವಾಗಿತ್ತು. ಶೈಶವದಲ್ಲಿಯೇ ಅವಳಿಗೆ ಮದುವೆ ನಿಶ್ಚಯವಾಗಿತ್ತು. ವರನ ನಡತೆ ಕೆಟ್ಟದ್ದೆಂದು ತಿಳಿದು ಅವನ ಮನೆಯವರೇ ಸಂಬಂಧ ಮುರಿಯಲು ಮುಂದಾದರೂ, ಕೊಟ್ಟ ಮಾತಿಗೆ ತಪ್ಪಬಾರದೆಂದು ನಂಬಿದ ಯುವಾನ್ ಜಿ ಅವನನ್ನೇ ವರಿಸಿದಳು. ಗಂಡ ಹಿಂಸಿಸಿ, ಆಸ್ತಿಯನ್ನೆಲ್ಲ ಕಳೆದು, ಕೊನೆಗೆ ಅವಳನ್ನೇ ಮಾರಲು ಹೊರಟಾಗ ತಂದೆ ನ್ಯಾಯಾಲಯದ ಮೊರೆಹೋಗಿ ಬಿಡುಗಡೆ ಕೊಡಿಸಿದನು. ತವರಿಗೆ ಮರಳಿ ಅಣ್ಣನ ಆಶ್ರಯದಲ್ಲಿದ್ದ ಅವಳು ೧೭೫೯ರಲ್ಲಿ ಮರಣ ಹೊಂದಿದಳು. ಅವಳನ್ನು ನೆನೆದು ೧೭೬೭ರಲ್ಲಿ ಯುವಾನ್ ಮೇ ಬರೆದ ಶೋಕಗದ್ಯ ಚೀನೀ ಸಾಹಿತ್ಯದ ಹೃದಯಸ್ಪರ್ಶಿ ಬರಹಗಳಲ್ಲಿ ಒಂದೆನಿಸಿದೆ. ಶಾಸ್ತ್ರಗ್ರಂಥಗಳನ್ನು ಓದಿ ಕಲಿತ ಪಾತಿವ್ರತ್ಯದ ಆದರ್ಶವೇ ತಂಗಿಯ ಬಾಳನ್ನು ಕೆಡಿಸಿತೇನೋ ಎಂಬ ಸಂಕಟ ಅದರಲ್ಲಿ ವ್ಯಕ್ತವಾಗಿದೆ.

ಬಹುಕಾಲ ಗಂಡುಮಕ್ಕಳಿಲ್ಲದಿದ್ದ ಯುವಾನ್ ಮೇ ಬಂಧುವಿನ ಮಗನನ್ನು ದತ್ತು ಪಡೆದಿದ್ದನು. ೧೭೭೮ರಲ್ಲಿ ಸ್ವಂತ ಮಗ ಹುಟ್ಟಿದಾಗ ತಡವಾಗಿ ಬಂದವನು ಎಂಬ ಅರ್ಥದ ಹೆಸರಿಟ್ಟನು.

ಸಾಹಿತ್ಯ

ಕಾವ್ಯ ಕವಿಯ ಸ್ವಂತ ಸ್ವಭಾವದಿಂದಲೂ ನಿಜವಾದ ಭಾವನೆಯಿಂದಲೂ ಹುಟ್ಟಬೇಕೆಂಬುದು ಯುವಾನ್ ಮೇಯ ನಿಲುವು. ಪ್ರಾಚೀನರನ್ನು ಅನುಕರಿಸುವುದು, ಪಾಂಡಿತ್ಯವನ್ನು ಪ್ರದರ್ಶಿಸುವುದು, ನೀತಿಬೋಧೆಗಾಗಿಯೇ ಕವಿತೆ ರಚಿಸುವುದು ಈತನಿಗೆ ಒಪ್ಪಿಗೆಯಾಗಿರಲಿಲ್ಲ. ಸುಯ್‌ಯುವಾನ್ ಶಿಹುವಾ ಎಂಬ ಕಾವ್ಯಮೀಮಾಂಸೆಯ ಗ್ರಂಥದಲ್ಲಿ ಹೆಸರಾಂತ ಕವಿಗಳ ಜೊತೆಗೆ ಸಾಮಾನ್ಯರ ಹಾಗೂ ಸ್ತ್ರೀಯರ ರಚನೆಗಳೂ ಚರ್ಚೆಗೆ ಬಂದಿವೆ. ದೆವ್ವ, ಭೂತ, ವಿಚಿತ್ರ ಘಟನೆಗಳ ಕಥೆಗಳಿರುವ ಝಿಬುಯು ಎಂಬ ಸಂಕಲನವೂ ಪ್ರಸಿದ್ಧವಾಗಿದೆ. ಗುರು ಮಾತನಾಡದ ವಿಷಯಗಳು ಎಂಬುದು ಆ ಹೆಸರಿನ ಅರ್ಥ. ಇಲ್ಲಿ ಗುರು ಎಂದರೆ ಕನ್‌ಫ್ಯೂಷಿಯಸ್.

ಪಾಕಗ್ರಂಥ

ಯುವಾನ್ ಮೇ ಸುಮಾರು ನಲವತ್ತು ವರ್ಷಗಳ ಕಾಲ ಪಾಕವಿಧಾನಗಳನ್ನು ಸಂಗ್ರಹಿಸಿದನು. ಯಾರ ಮನೆಯಲ್ಲಾದರೂ ಊಟ ರುಚಿಸಿದರೆ ತನ್ನ ಅಡುಗೆಯವನನ್ನು ಆ ಮನೆಗೆ ಕಳುಹಿಸಿ ಕಲಿತುಬರುವಂತೆ ಮಾಡುತ್ತಿದ್ದನು. ಈ ಸಂಗ್ರಹ ೧೭೯೨ರಲ್ಲಿ ಸುಯ್‌ಯುವಾನ್ ಶಿದಾನ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಹದಿನಾಲ್ಕು ಅಧ್ಯಾಯಗಳ ಈ ಗ್ರಂಥದಲ್ಲಿ ಮುನ್ನೂರಕ್ಕೂ ಹೆಚ್ಚು ಪದಾರ್ಥಗಳ ವಿವರಗಳಿವೆ. ಮೊದಲ ಎರಡು ಅಧ್ಯಾಯಗಳು ಅಡುಗೆಯಲ್ಲಿ ತಿಳಿದಿರಬೇಕಾದ ಮತ್ತು ವರ್ಜಿಸಬೇಕಾದ ಸಂಗತಿಗಳಿಗೆ ಮೀಸಲಾಗಿವೆ. ಪ್ರತಿಯೊಂದು ಪದಾರ್ಥದ ಸಹಜ ರುಚಿಯನ್ನು ಉಳಿಸಬೇಕು, ಆಡಂಬರಕ್ಕಾಗಿ ತಟ್ಟೆಗಳ ಸಂಖ್ಯೆ ಹೆಚ್ಚಿಸಬಾರದು ಎಂಬುದು ಇವುಗಳ ತಿರುಳು. ತನ್ನ ಅಡುಗೆಯವನಾದ ವಾಂಗ್ ಕ್ಸಿಯಾವ್‌ಯು ತೀರಿಕೊಂಡ ಮೇಲೆ ಯುವಾನ್ ಮೇ ಅವನ ಜೀವನಚರಿತ್ರೆಯನ್ನೂ ಬರೆದನು. ಅಡುಗೆಯವನೊಬ್ಬನಿಗೆ ಅಂತಹ ಗೌರವ ಸಲ್ಲುವುದು ಅಂದು ಅಪರೂಪವಾಗಿತ್ತು.

ನೀರು ಮತ್ತು ಚಹಾ

ಗ್ರಂಥದ ಕೊನೆಯ ಅಧ್ಯಾಯ ಚಹಾ ಮತ್ತು ಮದ್ಯಗಳನ್ನು ಕುರಿತದ್ದು. ಒಳ್ಳೆಯ ಚಹಾಕ್ಕೆ ಮೊದಲು ಒಳ್ಳೆಯ ನೀರನ್ನು ಸಂಗ್ರಹಿಸಬೇಕೆಂದು ಅಲ್ಲಿ ಹೇಳಲಾಗಿದೆ. ಹೆಸರುವಾಸಿಯಾದ ದೂರದ ಬುಗ್ಗೆಗಳಿಂದ ನೀರು ತರಿಸುವುದು ಗೃಹಸ್ಥರಿಗೆ ಸಾಧ್ಯವಿಲ್ಲ. ಆದ್ದರಿಂದ ಮಳೆಯ ನೀರನ್ನೂ ಕರಗಿದ ಹಿಮದ ನೀರನ್ನೂ ಮನೆಯಲ್ಲಿಯೇ ಶೇಖರಿಸುವ ಮಾರ್ಗವನ್ನು ಯುವಾನ್ ಮೇ ಸೂಚಿಸುತ್ತಾನೆ. ಹೊಸ ನೀರಿಗಿಂತ ಇಟ್ಟು ಹಳತಾದ ನೀರು ಸಿಹಿ ಎಂಬುದು ಈತನ ಅನುಭವ. ಚಹಾ ಎಲೆಯನ್ನು ತೇವದಿಂದ ಕಾಪಾಡಲು ಸಣ್ಣ ಸಣ್ಣ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಸುಣ್ಣವಿರುವ ಜಾಡಿಯಲ್ಲಿಟ್ಟು, ಹತ್ತು ದಿನಗಳಿಗೊಮ್ಮೆ ಸುಣ್ಣವನ್ನು ಬದಲಿಸಬೇಕು. ನೀರನ್ನು ಜೋರಾದ ಉರಿಯಲ್ಲಿ ಕಾಯಿಸಿ, ಕುದಿ ಬಂದ ಕೂಡಲೇ ಎಲೆಯ ಮೇಲೆ ಸುರಿಯಬೇಕು. ಹೆಚ್ಚು ಹೊತ್ತು ಕುದಿಸಿದರೆ ನೀರಿನ ರುಚಿ ಕೆಡುತ್ತದೆ, ಕುದಿ ನಿಂತ ನೀರಿನಲ್ಲಿ ಎಲೆ ತೇಲುತ್ತದೆ. ಬಸಿದ ಚಹಾವನ್ನು ತಡಮಾಡದೆ ಕುಡಿಯಬೇಕು.

ಹಾಂಗ್‌ಝೌ ಬಳಿಯ ಲಾಂಗ್‌ಜಿಂಗ್ ಎಂಬ ಹಸಿರು ಚಹಾ ಯುವಾನ್ ಮೇಯ ಹುಟ್ಟೂರಿನ ಹೆಮ್ಮೆ. ಹಿರಿಯರ ಸಮಾಧಿಗಳ ದರ್ಶನಕ್ಕೆ ಊರಿಗೆ ಹೋದಾಗ ಸಮಾಧಿ ಕಾಯುವವರ ಮನೆಯಿಂದ ಬರುತ್ತಿದ್ದ ಚಹಾದಂತಹದು ಸಿರಿವಂತರಿಗೂ ದೊರೆಯಲಾರದೆಂದು ಈತ ಸ್ಮರಿಸಿದ್ದಾನೆ. ಹಾಂಗ್‌ಝೌನಲ್ಲಿಯೇ ಬೆಳೆದವರು ಕೂಡ ಅಧಿಕಾರ ದೊರೆತ ಮೇಲೆ ಚಹಾವನ್ನು ಕುದಿಸಿ ಕಹಿಯಾಗಿಸಿ ಕುಡಿಯುತ್ತಿದ್ದುದು ಈತನ ಕಟುವಾದ ಹಾಸ್ಯಕ್ಕೆ ಗುರಿಯಾಗಿದೆ.

ವೂಯಿ ಪರ್ವತದ ಪ್ರವಾಸ

ಅರವತ್ತೈದು ದಾಟಿದ ಬಳಿಕ ಯುವಾನ್ ಮೇ ದೀರ್ಘ ಪ್ರವಾಸಗಳನ್ನು ಕೈಗೊಂಡನು. ೧೭೮೨ರಲ್ಲಿ ತಿಯಾನ್‌ತಾಯ್, ೧೭೮೩ರಲ್ಲಿ ಹುವಾಂಗ್‌ಶಾನ್ ಪರ್ವತಗಳನ್ನು ನೋಡಿದನು. ೧೭೮೪ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೂ ತಾರುಣ್ಯದಲ್ಲಿ ಕಂಡಿದ್ದ ಗುಯಿಲಿನ್‌ಗೂ ಹೋದನು. ೧೭೮೬ರ ಶರತ್ಕಾಲದಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಫೂಜಿಯಾನ್ ಪ್ರಾಂತ್ಯದ ವೂಯಿ ಪರ್ವತವನ್ನು ತಲುಪಿದನು.

ಅದುವರೆಗೆ ಯುವಾನ್ ಮೇಗೆ ವೂಯಿ ಚಹಾ ಹಿಡಿಸುತ್ತಿರಲಿಲ್ಲ. ಅದರ ಗಾಢವಾದ ಕಹಿ ಔಷಧವನ್ನು ನೆನಪಿಸುತ್ತಿತ್ತು. ಪರ್ವತದ ಮಂದಿರಗಳಲ್ಲಿ ಸಂನ್ಯಾಸಿಗಳೂ ತಾವೋ ಪಂಥದ ಸಾಧಕರೂ ನೀಡಿದ ಆತಿಥ್ಯದಿಂದ ಈ ಅಭಿಪ್ರಾಯ ಬದಲಾಯಿತು. ಅಲ್ಲಿನ ಬಟ್ಟಲುಗಳು ಅಕ್ರೋಟಿನ ಗಾತ್ರದವು, ಕುಡಿಕೆಗಳು ಮಾದಳ ಹಣ್ಣಿನಷ್ಟು ಚಿಕ್ಕವು. ಒಮ್ಮೆಗೆ ಗುಟುಕರಿಸಿ ಮುಗಿಸಲು ಮನಸ್ಸು ಬಾರದಷ್ಟು ಸ್ವಲ್ಪವೇ ಚಹಾ ಬಟ್ಟಲಿಗೆ ಬೀಳುತ್ತಿತ್ತು. ಮೊದಲು ಪರಿಮಳವನ್ನು ಆಘ್ರಾಣಿಸಿ, ಅನಂತರ ನಾಲಿಗೆಯ ಮೇಲೆ ನಿಧಾನವಾಗಿ ಹೊರಳಿಸಿ ಸವಿದಾಗ ಕಹಿಯ ಹಿಂದೆ ಅಡಗಿದ್ದ ಸಿಹಿ ತಿಳಿಯಿತು. ಎರಡು ಮೂರು ಬಟ್ಟಲುಗಳಾದ ಮೇಲೆ ಮನಸ್ಸು ಶಾಂತವಾಯಿತು. ಅದೇ ಎಲೆಗೆ ಮೂರು ಬಾರಿ ನೀರು ಹಾಕಿದರೂ ರುಚಿ ಉಳಿದಿತ್ತು.

ಈ ಅನುಭವದ ಬಳಿಕ ಯುವಾನ್ ಮೇ ತನ್ನ ತೀರ್ಪನ್ನು ತಿದ್ದಿಕೊಂಡನು. ಹುಟ್ಟೂರಿನ ಲಾಂಗ್‌ಜಿಂಗ್ ನಿರ್ಮಲವಾದರೂ ತೆಳುವೆಂದು ತೋರಿತು. ಯಾಂಗ್‌ಕ್ಸಿಯಾನ್ ಚಹಾ ಸೊಗಸಾದರೂ ಅದರ ಸೊಗಡು ಹೆಚ್ಚು ಹೊತ್ತು ನಿಲ್ಲುವುದಿಲ್ಲವೆನಿಸಿತು. ಸ್ಫಟಿಕಕ್ಕೂ ಪಚ್ಚೆಯ ಜೇಡ್ ಶಿಲೆಗೂ ಇರುವ ಭೇದದಂತೆ ಈ ಚಹಾಗಳ ಗುಣಗಳು ಬೇರೆ ಬೇರೆ ಎಂದು ಈತ ಭಾವಿಸಿದನು. ಪಾಕಗ್ರಂಥದಲ್ಲಿ ಮೊದಲ ಸ್ಥಾನ ದೊರೆತದ್ದು ವೂಯಿ ಶಿಖರದ ಮೇಲೆ ಬೆಳೆಯುವ, ತಿಳಿಯಾದ ಬಣ್ಣ ಬಿಡುವ ಚಹಾಕ್ಕೆ. ಲಾಂಗ್‌ಜಿಂಗ್ ಅದರ ನಂತರದ ಸ್ಥಾನಕ್ಕೆ ಸರಿಯಿತು. ಚಹಾ ಕಹಿಯಾಗಿ ತೋರಿದ್ದಕ್ಕೆ ಎಲೆಯೊಂದೇ ಕಾರಣವಲ್ಲ, ಕುಡಿಯುವ ಕ್ರಮವೂ ಕಾರಣ ಎಂಬುದು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ.

ಊಲಾಂಗ್ ಪದ್ಧತಿಯೊಂದಿಗೆ ಸಂಬಂಧ

ಹಸಿರು ಚಹಾದ ಎಲೆಯನ್ನು ಕಿತ್ತ ಬಳಿಕ ಬೇಗನೆ ಬಿಸಿಮಾಡಿ ಹಸಿರನ್ನು ಉಳಿಸುತ್ತಾರೆ. ಕಪ್ಪು ಚಹಾದ ಎಲೆ ಗಾಳಿಯ ಆಮ್ಲಜನಕದೊಂದಿಗೆ ಪೂರ್ಣವಾಗಿ ವರ್ತಿಸುವಂತೆ ಬಿಡುತ್ತಾರೆ. ಊಲಾಂಗ್ ಇವೆರಡರ ನಡುವಿನದು. ಎಲೆಯನ್ನು ಬಾಡಿಸಿ, ಕುಲುಕಿ, ಅಂಚುಗಳು ಕೆಂಪಾಗತೊಡಗಿದ ಮೇಲೆ ಬಾಣಲೆಯಲ್ಲಿ ಹುರಿದು ಆ ಕ್ರಿಯೆಯನ್ನು ತಡೆಯುತ್ತಾರೆ. ವೂಯಿಯಲ್ಲಿ ಅನಂತರ ಇದ್ದಿಲ ಕಾವಿನ ಮೇಲೆ ಒಣಗಿಸುವುದೂ ಉಂಟು. ವೂಯಿ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಲು ತಿಂಗ್‌ಕಾನ್ ೧೭೩೪ರಲ್ಲಿ ಮುಗಿಸಿದ ಚಹಾ ಗ್ರಂಥದಲ್ಲಿ ಅರ್ಧ ಹಸಿರು, ಅರ್ಧ ಕೆಂಪು ಬಣ್ಣದ ಎಲೆಯ ತಯಾರಿಕೆಯ ವರ್ಣನೆ ಸೇರಿದೆ. ಆದ್ದರಿಂದ ಯುವಾನ್ ಮೇಯ ಭೇಟಿಯ ವೇಳೆಗೆ ಈ ವಿಧಾನ ಅಲ್ಲಿ ರೂಢಿಯಲ್ಲಿತ್ತೆಂದು ತಿಳಿಯಬಹುದು.

ಸಣ್ಣ ಕುಡಿಕೆ, ಸಣ್ಣ ಬಟ್ಟಲುಗಳ ಈ ಕ್ರಮ ಫೂಜಿಯಾನ್ ಮತ್ತು ಗುವಾಂಗ್‌ಡಾಂಗ್‌ನ ಚಾವ್‌ಝೌ ಪ್ರದೇಶಗಳಲ್ಲಿ ಗಾಂಗ್‌ಫು ಚಹಾ ಎಂಬ ಹೆಸರಿನಿಂದ ಬೆಳೆಯಿತು. ಇಂದು ಮನೆಗಳಲ್ಲಿ ಊಲಾಂಗ್ ತಯಾರಿಸುವವರು ಸಾಮಾನ್ಯವಾಗಿ ೧೦೦ರಿಂದ ೧೨೦ ಮಿಲಿಲೀಟರ್ ಹಿಡಿಯುವ ಪಾತ್ರೆಗೆ ೫ರಿಂದ ೮ ಗ್ರಾಂ ಎಲೆ ಹಾಕಿ, ಕುದಿಯುವ ನೀರನ್ನು ಸುರಿದು, ಕೆಲವೇ ಸೆಕೆಂಡುಗಳಲ್ಲಿ ಬಸಿಯುತ್ತಾರೆ. ಬಳಿಕ ಪ್ರತಿ ಸಲವೂ ಕಾಲವನ್ನು ಸ್ವಲ್ಪ ಹೆಚ್ಚಿಸುತ್ತ ಅದೇ ಎಲೆಯನ್ನು ಹಲವು ಬಾರಿ ಬಳಸುತ್ತಾರೆ.

ಸ್ತ್ರೀ ಶಿಷ್ಯೆಯರು ಮತ್ತು ಟೀಕೆ

ಯುವಾನ್ ಮೇ ಬಹಿರಂಗವಾಗಿ ಸ್ತ್ರೀಯರಿಗೆ ಕಾವ್ಯ ಕಲಿಸಿದನು. ೧೭೯೦ ಮತ್ತು ೧೭೯೨ರಲ್ಲಿ ಹಾಂಗ್‌ಝೌನ ಪಶ್ಚಿಮ ಸರೋವರದ ತೀರದಲ್ಲಿ ಶಿಷ್ಯೆಯರ ಕಾವ್ಯಗೋಷ್ಠಿಗಳು ನಡೆದವು. ಕ್ಸಿ ಪೇಯ್‌ಲಾನ್, ಸುನ್ ಯುನ್‌ಫೆಂಗ್ ಮೊದಲಾದವರ ಕವಿತೆಗಳ ಸಂಕಲನ ೧೭೯೬ರಲ್ಲಿ ಹೊರಬಂದಿತು. ಇತಿಹಾಸಕಾರ ಝಾಂಗ್ ಕ್ಸುಯೆಚೆಂಗ್ ಇದನ್ನು ಮರ್ಯಾದೆಗೇಡೆಂದು ತೀವ್ರವಾಗಿ ಖಂಡಿಸಿದನು. ಯುವಾನ್ ಮೇಯ ಭೋಗಜೀವನವೂ ಟೀಕೆಗೆ ಒಳಗಾಗಿತ್ತು. ಹೆಣ್ಣುಮಕ್ಕಳ ಕಾವ್ಯಶಕ್ತಿಯನ್ನು ಎತ್ತಿಹಿಡಿದ ಈತ ಹಲವು ಉಪಪತ್ನಿಯರನ್ನು ಹೊಂದಿದ್ದನೆಂಬ ವೈರುಧ್ಯವನ್ನು ಇಂದಿನ ವಿದ್ವಾಂಸರು ಗುರುತಿಸುತ್ತಾರೆ.

ನಿಧನ ಮತ್ತು ಪ್ರಭಾವ

ಯುವಾನ್ ಮೇ ೧೭೯೮ರ ಜನವರಿ ೩ರಂದು ನಾನ್‌ಜಿಂಗ್‌ನಲ್ಲಿ ನಿಧನನಾದನು. ಚೀನೀ ಪಂಚಾಂಗದಲ್ಲಿ ಹಿಂದಿನ ವರ್ಷ ಇನ್ನೂ ಮುಗಿದಿರದ ಕಾರಣ ಕೆಲವು ಗ್ರಂಥಗಳಲ್ಲಿ ೧೭೯೭ ಎಂಬ ಉಲ್ಲೇಖವಿದೆ. ಸುಯ್‌ಯುವಾನ್ ಉದ್ಯಾನ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ತಾಯ್‌ಪಿಂಗ್ ದಂಗೆಯ ಕಾಲದಲ್ಲಿ ನಾಶವಾಯಿತು.

ಆರ್ಥರ್ ವೇಲಿ ೧೯೫೬ರಲ್ಲಿ ಇಂಗ್ಲಿಷಿನಲ್ಲಿ ಬರೆದ ಜೀವನಚರಿತ್ರೆಯಿಂದ ಯುವಾನ್ ಮೇಯ ಹೆಸರು ಪಾಶ್ಚಾತ್ಯ ಓದುಗರಿಗೆ ಪರಿಚಿತವಾಯಿತು. ಪಾಕಗ್ರಂಥದ ಇಂಗ್ಲಿಷ್ ಅನುವಾದ ೨೦೧೮ರಲ್ಲಿ ಪ್ರಕಟವಾಗಿದೆ. ಚೀನದ ಪಾಕಪರಂಪರೆಯಲ್ಲಿ ಸುಯ್‌ಯುವಾನ್ ಶಿದಾನ್ ಇಂದಿಗೂ ಪ್ರಮಾಣಗ್ರಂಥವಾಗಿದೆ. ವೂಯಿ ಚಹಾದ ಇತಿಹಾಸವನ್ನು ಬರೆಯುವವರು ೧೭೮೬ರ ಆ ಭೇಟಿಯ ವಿವರವನ್ನು ತಪ್ಪದೆ ಗಮನಿಸುತ್ತಾರೆ.